ಯಾರದೋ ಸಾಲಕ್ಕೆ ಯಾರದೋ ಮನೆ ಜಪ್ತಿ

ಸಾಲಗಾರನನ್ನು ಬಿಟ್ಟು ನೆರೆಮನೆಯ ಪಾತ್ರೆ ಪಗಡ ಜಪ್ತಿ ಮಾಡಿದರೆ ನರಸಿಂಹರಾಜಪುರದ ರೈತ ಸುಮ್ನಿರ್ತಾನಾ? ಇರಾಕಿನಲ್ಲಿ ಆದದ್ದು ಅದೇ. 1990ರಲ್ಲಿ ಕುವೈತಿನ ಮೇಲೆ ದಂಡೆತ್ತಿ ಹೋದವನು ಸದ್ದಾಂ. ವಿಶ್ವಸಂಸ್ಥೆಯ ವ್ಯಾಪಾರ ದಿಗ್ಬಂಧನಕ್ಕೆ 2003ರವರೆಗೂ ನರಳಿದ್ದು ಬಡವರ ಮಕ್ಕಳು. ಅದರ ಮೇಲೆ 1998ರಲ್ಲಿ ಅಮೆರಿಕ, ಬ್ರಿಟನ್ನಿನ ಬಾಂಬು ಬೇರೆ.

ಇದನ್ನು ಎದುರಿಸಿದವರಲ್ಲಿ ಅಮೆರಿಕದ ಜನರೂ ಇದ್ದರು. 1996ರಿಂದ ಕ್ಯಾಥಿ ಕೆಲ್ಲಿ ಮತ್ತು ಸಂಗಡಿಗರು ತಮ್ಮದೇ ಸರ್ಕಾರದ ಕಾನೂನು ಮುರಿದು ಇರಾಕಿಗೆ ಔಷಧಿ ಹೊತ್ತರು. 20,000 ಡಾಲರ್ ದಂಡ ಬಿತ್ತು, ಕಟ್ಟಲಿಲ್ಲ.

ಅದು ನಮಗ್ಯಾಕೆ ಅನ್ನಬೇಡಿ. 1980ರ ದಶಕದಲ್ಲಿ ಜಪ್ತಿಯಾದ ಸಾಮಾನನ್ನು ಮರುಜಪ್ತಿ ಮಾಡಿ ಮನೆಗೆ ತಂದದ್ದು ಕರ್ನಾಟಕದ ರೈತರೇ. ತಪ್ಪು ಮಾಡಿದವನನ್ನು ಹಿಡಿಯಿರಿ, ಬಡವನ ಒಲೆ ಆರಿಸಬೇಡಿ: ಈ ಮಾತು ನಮ್ಮ ಗ್ರಾಮಸಭೆಯಿಂದ ದೆಹಲಿ ಮುಟ್ಟಲಿ.