ಮಾಗಳಿ ಬೇರು ಮತ್ತು ಬಣ್ಣ ಬದಲಾಯಿಸುವ ಪರೀಕ್ಷೆ

ಕಳವಾರದ ಬೆಟ್ಟವು ವಾರಾಂತ್ಯದಲ್ಲಿ ಬರುವ ಬೆಂಗಳೂರಿನ ಚಾರಣಿಗರಿಗೆ ಸ್ಕಂದಗಿರಿ, ಮೋಡದ ಮೇಲಿನ ಸೂರ್ಯೋದಯದ ತಾಣ. ತಪ್ಪಲಿನ ಜನರಿಗೆ ಅದು ಸೌದೆ, ಮೇವು, ನಾಟಿಮದ್ದುಗಳ ನೆಲೆ. ಇಂತಹ ಗುಡ್ಡಗಳನ್ನು ಈಗ ಮತ್ತೊಂದು ಕಣ್ಣು ನೋಡುತ್ತಿದೆ: ಸಸ್ಯದ ಸಾರ ತೆಗೆದು ಅದರ ಉತ್ಕರ್ಷಣ ನಿರೋಧಕ ಗುಣವನ್ನು, ಅಂದರೆ ಪೊಟ್ಟಣಗಳ ಮೇಲೆ 'ಆಂಟಿಆಕ್ಸಿಡೆಂಟ್' ಎಂದು ಅಚ್ಚಾಗುವ ಗುಣವನ್ನು ಅಳೆಯುವ ಪ್ರಯೋಗಾಲಯದ ಕಣ್ಣು.

ಈ ಅಳತೆಯ ಪರಿಣಾಮವನ್ನು ತಿಳಿಯಲು ಮಾಗಳಿ ಬೇರನ್ನು ನೋಡಿದರೆ ಸಾಕು. ದಕ್ಷಿಣ ಭಾರತದ ಒಣ ಬಂಡೆಗುಡ್ಡಗಳಿಗೆ ಸೀಮಿತವಾದ ಬಳ್ಳಿಯಿದು. ಸಸ್ಯಶಾಸ್ತ್ರದಲ್ಲಿ ಡೆಕಾಲೆಪಿಸ್ ಹ್ಯಾಮಿಲ್ಟೋನಿ. ಇದರ ಉಪ್ಪಿನಕಾಯಿಯ ವಾಸನೆ ಕೆಲವರಿಗೆ ಪರಿಮಳ, ಕೆಲವರಿಗೆ ತಿಗಣೆಯ ನಾತ! ಆ ವಾಸನೆಯ ಮೂಲವನ್ನು ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು 2001ರಲ್ಲಿ ಪ್ರಕಟಿಸಿದರು. ಬೇರಿನ ಬಾಷ್ಪಶೀಲ ತೈಲದ ಸುಮಾರು 96 ಭಾಗ ಒಂದೇ ವಸ್ತು, ವೆನಿಲಿನ್‌ನ ದಾಯಾದಿಯಂತಿರುವ 2-ಹೈಡ್ರಾಕ್ಸಿ-4-ಮೆಥಾಕ್ಸಿಬೆಂಜಾಲ್ಡಿಹೈಡ್. ಎರಡರಲ್ಲೂ ಅಣುಸೂತ್ರ ಒಂದೇ, ಜೋಡಣೆ ಮಾತ್ರ ಬೇರೆ. 2006ರಲ್ಲಿ ಅದೇ ಸಂಸ್ಥೆಯಿಂದ ಬೇರಿನ ಉತ್ಕರ್ಷಣ ನಿರೋಧಕ ಗುಣದ ಅಧ್ಯಯನವೂ ಹೊರಬಂದಿತು. ಎಲಾಜಿಕ್ ಆಮ್ಲವೂ ಸೇರಿದಂತೆ ಹಲವು ಸಂಯುಕ್ತಗಳು ಇದರಲ್ಲಿ ಪತ್ತೆಯಾಗಿವೆ.

ಇದು ಗಂಭೀರವಾದ ವಿಜ್ಞಾನ. ಕಳವಳಕ್ಕೆ ಕಾರಣ ಅದನ್ನು ಓದುವ ರೀತಿ. ಕಾಲೇಜುಗಳಲ್ಲಿ ಹೆಚ್ಚಾಗಿ ನಡೆಯುವ ಡಿಪಿಪಿಎಚ್ ಪರೀಕ್ಷೆಯಲ್ಲಿ ನೇರಳೆ ದ್ರಾವಣಕ್ಕೆ ಸಾರವನ್ನು ಬೆರೆಸುತ್ತಾರೆ. ಬಣ್ಣ ಹಳದಿಗೆ ತಿರುಗಿದಷ್ಟೂ ಗುಣ ಹೆಚ್ಚೆಂದು 517 ನ್ಯಾನೊಮೀಟರ್ ಬೆಳಕಿನಲ್ಲಿ ಅಳೆಯುತ್ತಾರೆ. ಅದೇ ಬೇರಿನ ನೀರಿನ ಸಾರಕ್ಕೂ ಮೆಥನಾಲ್ ಸಾರಕ್ಕೂ ಅಂಕಿ ಬೇರೆಯಾಗುತ್ತದೆ. ಹಳ್ಳಿಯ ಕಷಾಯದಲ್ಲಿ ಮೆಥನಾಲ್ ಇರುವುದಿಲ್ಲ ಎಂಬುದನ್ನು ವರದಿ ಬರೆಯುವವರು ಏಕೋ ಮರೆಯುತ್ತಾರೆ. ನುಂಗಿದ ಸಂಯುಕ್ತವನ್ನು ಕರುಳು, ಯಕೃತ್ತುಗಳು ಮಾರ್ಪಡಿಸುತ್ತವೆ. ರಕ್ತಕ್ಕೆ ಸೇರುವುದು ಹಲವು ವೇಳೆ ಅಲ್ಪಾಂಶ. ಗಾಜಿನ ನಳಿಕೆಯ ಅಂಕಿಯನ್ನು ರೋಗಿಯ ಚೀಟಿಗೆ ಏರಿಸಲಾಗದು. ಅಮೆರಿಕದ ಕೃಷಿ ಇಲಾಖೆಯು ಆಹಾರಗಳ ಇಂತಹದೇ ಅಂಕಪಟ್ಟಿಯೊಂದನ್ನು 2012ರಲ್ಲಿ ಹಿಂತೆಗೆದುಕೊಂಡಿತು. ಅದನ್ನು ವ್ಯಾಪಾರಿಗಳು ಜಾಹೀರಾತಿಗೆ ದುರ್ಬಳಕೆ ಮಾಡುತ್ತಿದ್ದುದೂ ಇದಕ್ಕೆ ಒಂದು ಕಾರಣ.

ಅಂಕಿ ತಪ್ಪಾಗಿ ಓದಿಸಿಕೊಂಡರೆ ನಷ್ಟ ಗ್ರಾಹಕನಿಗೆ ಮಾತ್ರವಲ್ಲ. ಎಲೆಯನ್ನು ಕೊಯ್ದರೆ ಗಿಡ ಚಿಗುರುತ್ತದೆ, ಹಣ್ಣನ್ನು ಆಯ್ದರೆ ಮರ ಉಳಿಯುತ್ತದೆ. ಮಾಗಳಿಯಲ್ಲಿ ಬೇಕಾದದ್ದು ಬೇರೇ. ಬುಡದ ಗೊಂಚಲನ್ನು ಹಾರೆಯಿಂದ ಪೂರ್ತಿ ಕಿತ್ತರೆ ಬಳ್ಳಿಯೇ ಮುಗಿಯಿತು. ಬಂಡೆಯ ಸಂದಿನಲ್ಲಿ ಬೆಳೆದು ಬೇರು ದಪ್ಪವಾಗಲು ವರ್ಷಗಳೇ ಹಿಡಿಯುತ್ತವೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ತಲೆಮಾರುಗಳಿಂದ ಬಲ್ಲ ಈ ಬೇರಿಗೆ ಮಾರುಕಟ್ಟೆಯ ಒತ್ತಡ ಸೇರಿದಾಗ ಏನಾಗುತ್ತದೆಂಬುದು ಅಪರಿಚಿತ ಕಥೆಯಲ್ಲ. ಅದರ ಮೇಲೆ 'ಪ್ರಯೋಗಾಲಯದಲ್ಲಿ ಸಾಬೀತು' ಎಂಬ ಮುದ್ರೆ ಬಿದ್ದರೆ ಹಾರೆಗೆ ಮತ್ತಷ್ಟು ಬಲ.

ಹಾಗೆಂದು ಪರೀಕ್ಷೆ ನಿಲ್ಲಬೇಕಾಗಿಲ್ಲ. ಆದರೆ ವಿದ್ಯಾರ್ಥಿಯ ಯೋಜನೆಗೆ ಕಾಡಿನ ಬೇರೇ ಏಕೆ? ನರ್ಸರಿಯಲ್ಲಿ ಬೆಳೆಸಿದ ಸಸಿಯ ಬೇರನ್ನು ಬಳಸಲಿ. ಕಾಡಿನಿಂದಲೇ ತರಬೇಕಾದರೆ ಕೆಲವು ಗ್ರಾಂ ಸಾಕು, ಗೊಂಚಲಿನ ಒಂದೆರಡು ಬೇರು ತೆಗೆದು ಬುಡಕ್ಕೆ ಮಣ್ಣು ಮುಚ್ಚಲಿ. ಬೆಳೆಯುವ ನಿಖರ ಜಾಗವನ್ನು ವರದಿಯಲ್ಲಿ ಅಚ್ಚು ಹಾಕದಿರಲಿ. ಅದು ದಲ್ಲಾಳಿಗೆ ಕೊಟ್ಟ ನಕ್ಷೆಯಾಗುತ್ತದೆ.

2002ರ ಜೀವವೈವಿಧ್ಯ ಕಾಯಿದೆಯು ಸ್ಥಳೀಯ ಸಂಸ್ಥೆಗಳ ಮಟ್ಟದಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿಯನ್ನು ರಚಿಸಲು ಹೇಳುತ್ತದೆ. ಊರಿನ ಗಿಡಮೂಲಿಕೆ, ಅವುಗಳ ಅರಿವು ಸಮಿತಿಯ ದಾಖಲಾತಿಗೆ ಸೇರಬೇಕು. ಕೇವಲ ಅಧ್ಯಯನಕ್ಕೆ ಸಸ್ಯ ಒಯ್ಯುವ ಭಾರತೀಯ ಸಂಶೋಧಕರು ಈ ಕಾಯಿದೆಯಡಿ ಅನುಮತಿ ಪಡೆಯಬೇಕಿಲ್ಲ. 2023ರ ತಿದ್ದುಪಡಿಯು ವಾಣಿಜ್ಯ ಬಳಕೆಯಲ್ಲೂ ಕೆಲವು ವಿನಾಯಿತಿಗಳನ್ನು ಸೇರಿಸಿದೆ. ಹೀಗಿರುವಾಗ ಯಾರು ಏನನ್ನು ಒಯ್ದರೆಂಬ ಲೆಕ್ಕ ಊರಿನ ಬಳಿಯೇ ಇರಬೇಕಾದುದು ಅಗತ್ಯ. ಗಿಡ, ಭಾಗ, ತೂಕ, ಒಯ್ದವರ ಕಾಲೇಜು, ದಿನಾಂಕ ಎಂಬ ಐದು ಕಲಮುಗಳ ಒಂದು ಪುಸ್ತಕವನ್ನು ಪಂಚಾಯತಿ ಕಚೇರಿಯಲ್ಲಿ ಇಡಲು ಯಾವ ಸರ್ಕಾರಿ ಆದೇಶವನ್ನೂ ಕಾಯಬೇಕಾಗಿಲ್ಲ. ಆರನೆಯ ಕಲಮೊಂದು ಇದ್ದರೆ, ಬಂದ ಫಲಿತಾಂಶವನ್ನು ಊರಿಗೆ ಕನ್ನಡದಲ್ಲಿ ತಿಳಿಸಿದರೋ ಇಲ್ಲವೋ ಎಂಬುದನ್ನೂ ಬರೆಯಬಹುದು.