ಚಿತ್ರದ ಬೆನ್ನಿನ ಬರಹ



ಎರಡು ವರ್ಷಗಳಿಗೊಮ್ಮೆ ಈ ಸ್ಮರಣ ಸಂಚಿಕೆಯ ಮೂಲಕ ತಮ್ಮೊಡನೆ ನಾಲ್ಕು ಮಾತುಗಳನ್ನಾಡುವ ಸದವಕಾಶ ನನಗೆ ದೊರೆಯುತ್ತ ಬಂದಿದೆ. ಈ ಬಾರಿ ನಾನೇ ಮಾಡಿದ ಒಂದು ತಪ್ಪನ್ನು ತಮ್ಮ ಮುಂದೆ ನಿವೇದಿಸಿಕೊಳ್ಳಬೇಕೆಂದಿದ್ದೇನೆ. ಅದು ಒಂದು ಹಳೆಯ ಭಾವಚಿತ್ರಕ್ಕೆ ಸಂಬಂಧಿಸಿದ್ದು.

2009ರಲ್ಲಿ ತಾಯಿಯವರು ತೀರಿಕೊಂಡ ಬಳಿಕ, ಧಾರವಾಡ ಸೀಮೆಯ ನಮ್ಮ ಹಳ್ಳಿಯ ಮನೆಯ ಅಟ್ಟದ ಮೇಲಿದ್ದ ತಗಡಿನ ಟ್ರಂಕು ನನ್ನ ಪಾಲಿಗೆ ಬಂದಿತು. ಅದರಲ್ಲಿ 43 ಭಾವಚಿತ್ರಗಳಿದ್ದವು. ಅವುಗಳಲ್ಲಿ 38ರ ಹಿಂದೆ ಒಂದಕ್ಷರವೂ ಇರಲಿಲ್ಲ. ದಪ್ಪ ರಟ್ಟಿಗೆ ಅಂಟಿಸಿದ್ದ ಒಂದು ಸ್ಟುಡಿಯೋ ಚಿತ್ರವಂತೂ ನನ್ನನ್ನು ಬಿಡದೆ ಕಾಡಿತು. ಕಂಬಗಳನ್ನೂ ಹೂದೋಟವನ್ನೂ ಬರೆದ ಪರದೆಯ ಮುಂದೆ, ರುಮಾಲು ಸುತ್ತಿದ ನನ್ನ ಅಜ್ಜ ಕುರ್ಚಿಯ ಮೇಲೆ ಕುಳಿತಿದ್ದಾರೆ. ಇನ್ನೂ ಮೀಸೆ ಚಿಗುರುತ್ತಿರುವ ವಯಸ್ಸು. ಪಕ್ಕದಲ್ಲಿ ಇಳಕಲ್ಲ ಸೀರೆಯುಟ್ಟ, ಕೊರಳಲ್ಲಿ ಬೋರಮಾಳ ಸರ ಧರಿಸಿದ ತರುಣಿಯೊಬ್ಬಳು ಎಳೆಗೂಸನ್ನು ಎತ್ತಿಕೊಂಡು ನಿಂತಿದ್ದಾಳೆ. ಆಕೆ ನನ್ನ ಅಜ್ಜಿಯಲ್ಲ. ಅಜ್ಜಿಯ ಮುಖವನ್ನು ನಾನು ಚೆನ್ನಾಗಿ ಬಲ್ಲೆ. ಹಾಗಾದರೆ ಯಾರು?

ಅಮೆರಿಕದಲ್ಲಿ ಇಂತಹ ಪ್ರಶ್ನೆಗೆ ಉತ್ತರ ಹುಡುಕಲು ಹಲವು ದಾರಿಗಳಿವೆ. 1892ರಿಂದ 1954ರವರೆಗೆ ಎಲ್ಲಿಸ್ ದ್ವೀಪದಲ್ಲಿ ಇಳಿದ ವಲಸೆಗಾರರ ಹಡಗಿನ ಪಟ್ಟಿಗಳುಂಟು. ಜನಗಣತಿಯ ಮೂಲ ಹಾಳೆಗಳನ್ನು 72 ವರ್ಷಗಳ ನಂತರ ಸಾರ್ವಜನಿಕರಿಗೆ ತೆರೆಯುತ್ತಾರೆ. 1950ರ ಗಣತಿಯ ಹಾಳೆಗಳು 2022ರ ಏಪ್ರಿಲ್ ತಿಂಗಳಲ್ಲಿ ತೆರೆದವು. ಮಿಷಿಗನ್ನಿನ ನನ್ನ ನೆರೆಮನೆಯವರು ತಮ್ಮ ಮುತ್ತಜ್ಜನ ಹೆಸರನ್ನು ಒಂದೇ ಸಂಜೆಯಲ್ಲಿ ಕಂಡುಕೊಂಡರು. ನಮ್ಮಲ್ಲಿ ಹಾಗಿಲ್ಲ. ಭಾರತದ ಜನಗಣತಿಯಲ್ಲಿ ಕೊಟ್ಟ ವ್ಯಕ್ತಿಗತ ವಿವರಗಳು 1948ರ ಕಾಯಿದೆಯಂತೆ ಗೋಪ್ಯ. ಜನನ ಮರಣಗಳ ನೋಂದಣಿಗೆ ದೇಶಕ್ಕೆಲ್ಲ ಒಂದೇ ಕಾಯಿದೆ ಬಂದದ್ದು 1969ರಲ್ಲಿ. ಉಳಿದದ್ದು ಜಮೀನಿನ ಕಾಗದಪತ್ರ, ಶಾಲೆಯ ದಾಖಲಾತಿ ಪುಸ್ತಕ, ಮತ್ತು ಹೆಳವರು.

ಹೆಳವರನ್ನು ಇಂದಿನ ಮಕ್ಕಳು ಕಂಡಿರಲಾರರು. ಒಕ್ಕಲು ಮನೆತನಗಳ ವಂಶಾವಳಿಯನ್ನು ತಲೆಮಾರುಗಳಿಂದ ಕಾಯ್ದುಕೊಂಡು ಬಂದ ಸಮುದಾಯ ಅವರದು. ಸುಗ್ಗಿ ಮುಗಿದ ಮೇಲೆ ಎತ್ತನ್ನೇರಿ, ಗಂಟೆ ಬಾರಿಸುತ್ತ ಬಂದು, ಮನೆಯ ಮೂಲಪುರುಷನಿಂದ ಹಿಡಿದು ಹೊಸದಾಗಿ ಹುಟ್ಟಿದ ಕೂಸಿನವರೆಗೆ ಹಾಡಿನಂತೆ ಹೇಳಿ, ಕಾಳು ಕಡಿ ಪಡೆದು ಮುಂದಿನ ಊರಿಗೆ ಹೋಗುತ್ತಿದ್ದರು. 2012ರಲ್ಲಿ ನಾನು ಊರಿನಲ್ಲಿದ್ದಾಗ ನಮ್ಮ ಮನೆತನದ ಹೆಳವರು ಬಂದರು, ಎತ್ತಿನ ಮೇಲಲ್ಲ, ಮೋಟಾರ್ ಸೈಕಲ್ಲಿನ ಮೇಲೆ. ಪುಸ್ತಕ ಬಿಚ್ಚಿ ಏಳು ತಲೆಮಾರುಗಳನ್ನು ನಿರರ್ಗಳವಾಗಿ ಓದಿದರು. ನಾನು ರೋಮಾಂಚನಗೊಂಡೆ. ಆದರೆ ಅಜ್ಜನ ಹೆಸರಿನ ಮುಂದೆ ಒಬ್ಬಳೇ ಹೆಂಡತಿ, ನನ್ನ ಅಜ್ಜಿ.

ಇಲ್ಲಿಯೇ ನಾನು ಎಡವಿದ್ದು. ಅಜ್ಜನಿಗೆ ಮೊದಲೊಂದು ಮದುವೆಯಾಗಿತ್ತು, ಆ ಹೆಂಡತಿ ಮಗುವನ್ನು ಮನೆತನವೇ ಮರೆಮಾಚಿದೆ ಎಂದು ತೀರ್ಮಾನಿಸಿಬಿಟ್ಟೆ. ಚಿತ್ರದ ಹಿಂದೆ ಬಾಲ್ ಪೆನ್ನಿನಿಂದ ‘ಅಜ್ಜನ ಮೊದಲ ಹೆಂಡತಿ, ಮಗುವಿನೊಡನೆ’ ಎಂದು ಬರೆದೆ. ಅದರ ಪ್ರತಿಗಳನ್ನು ಬೆಂಗಳೂರು, ಪುಣೆ, ಟೊರಾಂಟೊಗಳಲ್ಲಿದ್ದ ದಾಯಾದಿಗಳಿಗೆಲ್ಲ ಕಳುಹಿಸಿದೆ. ದೊಡ್ಡ ಸಂಶೋಧನೆ ಮಾಡಿದೆನೆಂಬ ಹೆಮ್ಮೆ ನನಗೆ! ಅಜ್ಜನನ್ನು ದೇವರಂತೆ ಕಾಣುತ್ತಿದ್ದ ಒಬ್ಬಿಬ್ಬರು ನೊಂದು ನನ್ನೊಡನೆ ಮಾತು ಕಡಿಮೆ ಮಾಡಿದರು. ಸತ್ಯ ಕಹಿಯಾಗಿಯೇ ಇರುತ್ತದೆಂದು ನಾನು ಸಮಾಧಾನ ಹೇಳಿಕೊಂಡೆ.

ಹುಬ್ಬಳ್ಳಿಯಲ್ಲಿ ನನ್ನ ಸೋದರತ್ತೆ ಇದ್ದರು. ಆ ಚಿತ್ರವನ್ನು ಅವರಿಗೆ ತೋರಿಸಬೇಕೆಂಬುದು ನನಗೆ ಹೊಳೆಯದಿರಲಿಲ್ಲ. ಆದರೆ ಮುಂದಿನ ಬಾರಿ ಎನ್ನುತ್ತ ಹೋದೆ. ಊರಿಗೆ ಹೋದ ಮೂರು ವಾರಗಳಲ್ಲಿ ಮದುವೆ, ಬ್ಯಾಂಕು, ನಿವೇಶನದ ಕಾಗದಗಳ ಓಡಾಟದಲ್ಲಿ ಮುದುಕಿಯ ಬಳಿ ಕೂರಲು ವೇಳೆ ಎಲ್ಲಿ? 2020ರಲ್ಲಿ ಟಿಕೆಟ್ಟು ತೆಗೆದಿಟ್ಟಿದ್ದೆ. ಕೋವಿಡ್ ಬಂದು ವಿಮಾನಗಳು ನಿಂತವು. ಕೊನೆಗೆ 2022ರಲ್ಲಿ ಅವರ ಮುಂದೆ ಚಿತ್ರ ಹಿಡಿದಾಗ ಅವರಿಗೆ 91 ವರ್ಷ. ಕಣ್ಣು ಸಂಪೂರ್ಣ ಹೋಗಿದ್ದವು.

ರಟ್ಟಿನ ಮೇಲೆ ಕೈಯಾಡಿಸಿ ಅತ್ತೆ ಹೇಳಿದರು: “ನನಗೇನೂ ಕಾಣೂದಿಲ್ಲ ತಮ್ಮಾ. ನೀನ ನೋಡಿ ಹೇಳು.” ನಾನು ಪರದೆ, ಕುರ್ಚಿ, ರುಮಾಲು, ಸೀರೆಗಳನ್ನೆಲ್ಲ ವರ್ಣಿಸಿದೆ. ಅವರು ತಲೆಯಾಡಿಸುತ್ತ ಕೇಳಿದರು. ಆಮೇಲೆ, “ಕೂಸಿನ ಕಾಲಾಗ ಏನೈತಿ ನೋಡು” ಎಂದರು. ಹದಿಮೂರು ವರ್ಷ ಆ ಚಿತ್ರ ನನ್ನ ಬಳಿ ಇದ್ದರೂ ನಾನು ಮಗುವಿನ ಕಾಲನ್ನು ನೋಡಿರಲಿಲ್ಲ.

“ಒಂದ ಕಾಲಾಗ ಕಡಗ ಐತಿ ಅತ್ತಿ.”

“ಒಂದ ಕಾಲಾಗ? ಹಂಗಾರ ಅಕಿ ನಮ್ಮ ದೊಡ್ಡತ್ತಿ! ನಿಮ್ಮಜ್ಜನ ಅಕ್ಕ. ಆ ಕಡಗಾನ ಸಾಯೂತನಕ ಪೆಟ್ಟಿಗ್ಯಾಗ ಇಟ್ಟಿದ್ಲು. ಹೆಂಡ್ತಿ ಅಂತ ಯಾರಂದ್ರೋ ನಿನಗ?”

ನಾನು ಉತ್ತರಿಸಲಿಲ್ಲ.

ಹುಟ್ಟಿದ ಮಕ್ಕಳು ಉಳಿಯದಿದ್ದಾಗ ಒಂದೇ ಕಾಲಿಗೆ ಕಡಗ ಹಾಕುವ ಹರಕೆ ನಮ್ಮ ಮನೆತನದಲ್ಲಿತ್ತಂತೆ. ಆ ಕೂಸೂ ಉಳಿಯಲಿಲ್ಲ. ಮರುವರ್ಷ ಗಂಡನೂ ಹೋದ. ತವರಿಗೆ ಬಂದ ಆಕೆ ತಮ್ಮನ ಮಕ್ಕಳನ್ನೇ ಸಾಕಿದಳು. ನನ್ನ ತಂದೆಯನ್ನು ಧಾರವಾಡಕ್ಕೆ ಓದಲು ಕಳುಹಿಸುವಾಗ ಮನೆಯಲ್ಲಿ ಹಣವಿರಲಿಲ್ಲ. ಚಿತ್ರದಲ್ಲಿ ಆಕೆಯ ಕೊರಳಲ್ಲಿರುವ ಬೋರಮಾಳವೇ ಅಂದು ಮಾರಾಟವಾದದ್ದು. ತಂದೆ ಓದಿದ್ದರಿಂದ ನಾನು ಓದಿದೆ. ಓದಿದ್ದರಿಂದ ಈ ದೇಶಕ್ಕೆ ಬಂದೆ.

ಇಷ್ಟು ಮಾಡಿದ ಹೆಣ್ಣುಮಗಳ ಹೆಸರು ಜಮೀನಿನ ಕಾಗದದಲ್ಲಿರಲಿಲ್ಲ. ಹೆಳವರು ನನಗೆ ಓದಿ ಹೇಳಿದ ಪುಟಗಳಲ್ಲಿಯೂ ಇರಲಿಲ್ಲ. ಆ ಸಾಲುಗಳು ಗಂಡುಮಕ್ಕಳಿಂದ ಗಂಡುಮಕ್ಕಳಿಗೆ ಸಾಗಿದ್ದವು. ಹೆಣ್ಣುಮಕ್ಕಳಿಲ್ಲದ ವಂಶವೃಕ್ಷವನ್ನು ಮನಸ್ಸಿನಲ್ಲಿಟ್ಟುಕೊಂಡು ನೋಡಿದ್ದರಿಂದಲೇ ಅಜ್ಜನ ಪಕ್ಕದಲ್ಲಿ ನಿಂತವಳು ಅಕ್ಕನಿರಬಹುದೆಂದು ನನಗೆ ತೋಚಲಿಲ್ಲ. ಪುಸ್ತಕದಲ್ಲಿ ಮುಖವಿಲ್ಲದ ಹೆಸರುಗಳು, ಟ್ರಂಕಿನಲ್ಲಿ ಹೆಸರಿಲ್ಲದ ಮುಖಗಳು. ಇವೆರಡನ್ನೂ ಕೂಡಿಸಬಲ್ಲವರು ಬದುಕಿರುವ ಹಿರಿಯರು ಮಾತ್ರ.

ಆದ್ದರಿಂದ ಅನುಭವದಿಂದ ಕಲಿತ ಕೆಲವು ಮಾತುಗಳು. ಚಿತ್ರದ ಹಿಂದೆ ಬಾಲ್ ಪೆನ್ನಿನಿಂದ ಬರೆಯಬೇಡಿ. ಮೆದು ಸೀಸದ ಪೆನ್ಸಿಲಿನಿಂದ, ಅಂಚಿನಲ್ಲಿ, ಒತ್ತದೆ ಬರೆಯಿರಿ. ನುಣುಪಾದ ಈಚಿನ ಬಣ್ಣದ ಚಿತ್ರಗಳ ಮೇಲೆ ಪೆನ್ಸಿಲ್ ಹಿಡಿಯದು. ಅವುಗಳ ವಿವರವನ್ನು ಬೇರೆ ಹಾಳೆಯಲ್ಲಿ ಬರೆದು ಜೊತೆಗಿಡಿ. ಹೆಸರಿನೊಡನೆ ಅದನ್ನು ಹೇಳಿದವರು ಯಾರು, ಯಾವ ದಿನ ಹೇಳಿದರು ಎಂಬುದನ್ನೂ ನಮೂದಿಸಿ. ಊಹೆಯಾದರೆ ಊಹೆಯೆಂದೇ ಬರೆಯಿರಿ. ಅಂಟು ಹಾಳೆಯ ಆಲ್ಬಮ್ಮುಗಳು ಚಿತ್ರವನ್ನು ಕೆಡಿಸುತ್ತವೆ, ಲ್ಯಾಮಿನೇಷನ್ ಸಲ್ಲದು. 600 ಡಿಪಿಐ ಪ್ರಮಾಣದಲ್ಲಿ ಸ್ಕ್ಯಾನ್ ಮಾಡಿಸಿ, ಮುಂಭಾಗವನ್ನಷ್ಟೇ ಅಲ್ಲ, ಹಿಂಭಾಗವನ್ನೂ. ಎಲ್ಲಕ್ಕಿಂತ ಮಿಗಿಲಾಗಿ, ಹಿರಿಯರ ಮಾತನ್ನು ಅವರದೇ ದನಿಯಲ್ಲಿ ಧ್ವನಿಮುದ್ರಿಸಿಕೊಳ್ಳಿ. ಕಣ್ಣು ಕಾಣದವರೆಂದು ಹಿಂಜರಿಯಬೇಡಿ. ಚಿತ್ರವನ್ನು ನೀವು ನೋಡಿ ಹೇಳಿ.

ದಾಯಾದಿಗಳಿಗೆಲ್ಲ ತಪ್ಪೊಪ್ಪಿಗೆಯ ಪತ್ರ ಬರೆದೆ. ಚಿತ್ರದ ಹಿಂದಿನ ಬಾಲ್ ಪೆನ್ನಿನ ಸಾಲು ಮಾತ್ರ ಅಳಿಯಲಿಲ್ಲ. ಅದರ ಮೇಲೆ ಗೆರೆಯೆಳೆದು, ಕೆಳಗೆ ದೊಡ್ಡತ್ತೆಯ ಹೆಸರು, ಸಂಬಂಧ, ಹೇಳಿದವರ ಹೆಸರು, ದಿನಾಂಕಗಳನ್ನು ಪೆನ್ಸಿಲಿನಿಂದ ಬರೆದಿದ್ದೇನೆ. ಮಗುವಿನ ಹೆಸರನ್ನು ಅಂದು ಕೇಳಲಿಲ್ಲ. ಅತ್ತೆಗೆ ದಣಿವಾಗಿತ್ತು, ಮುಂದಿನ ಬಾರಿ ಕೇಳೋಣವೆಂದುಕೊಂಡೆ. 2023ರಲ್ಲಿ ಅವರು ತೀರಿಕೊಂಡರು. ಆ ಜಾಗವನ್ನು ಖಾಲಿಯೇ ಬಿಟ್ಟಿದ್ದೇನೆ.

ಬಂಧುಗಳೇ, ಈ ಮೂರು ದಿನಗಳಲ್ಲಿ ನಾವೆಲ್ಲ ಸಭೆ, ಸಂಗೀತ, ಊಟೋಪಚಾರಗಳ ಸಂಭ್ರಮದಲ್ಲಿ ಓಡಾಡುತ್ತಿರುತ್ತೇವೆ. ಸಭಾಂಗಣದ ಅಂಚಿನ ಕುರ್ಚಿಗಳಲ್ಲಿ, ಮೊಮ್ಮಕ್ಕಳ ಕೋಟುಗಳನ್ನು ಮಡಿಲಲ್ಲಿಟ್ಟುಕೊಂಡು ಕುಳಿತ ಹಿರಿಯರನ್ನು ತಾವು ಕಾಣುವಿರಿ. ದಯವಿಟ್ಟು ಅವರ ಪಕ್ಕದಲ್ಲಿ ಅರ್ಧ ಗಂಟೆ ಕುಳಿತುಕೊಳ್ಳಿ. ಜೇಬಿನಲ್ಲಿ ಒಂದು ಪೆನ್ಸಿಲ್ ಇರಲಿ.