ಅಲೆ ಇಲ್ಲದ ಕಡೆ ಸಮುದ್ರಕ್ಕಿಳಿದರೆ ಅಪಾಯವಿಲ್ಲವೇ?

ರಜೆ ಬಂತೆಂದರೆ ಗೋಕರ್ಣ, ಮುರ್ಡೇಶ್ವರ, ಗೋವಾ ಕಡೆಗೆ ಕುಟುಂಬ ಸಮೇತ ಹೊರಡುವವರು ಬಹಳ. ರೂಮ್, ಊಟ, ಸನ್‌ಸ್ಕ್ರೀನ್ ಎಲ್ಲ ಯೋಚಿಸಿರುತ್ತಾರೆ. ಮಕ್ಕಳನ್ನು ನೀರಿಗೆ ಬಿಡುವಾಗ ಮಾತ್ರ ಅಲೆ ಕಡಿಮೆ ಇರುವ ಜಾಗ ಹುಡುಕುತ್ತಾರೆ. ಎಷ್ಟೋ ಸಲ ಅದೇ ಅಪಾಯದ ಜಾಗ.

ದಡಕ್ಕೆ ಅಪ್ಪಳಿಸಿದ ನೀರು ಸಮುದ್ರಕ್ಕೆ ಮರಳಲೇಬೇಕಲ್ಲ? ಮರಳು ದಿಬ್ಬಗಳ ನಡುವೆ ಕಾಲುವೆಯಂಥ ತಗ್ಗು ಸಿಕ್ಕರೆ ಅಲ್ಲಿಂದಲೇ ರಭಸವಾಗಿ ನುಗ್ಗುತ್ತದೆ. ಇದೇ ರಿಪ್ ಕರೆಂಟ್. ಅಲ್ಲಿ ಆಳ ಹೆಚ್ಚು, ಹಾಗಾಗಿ ಅಲೆ ಒಡೆಯುವುದು ಕಡಿಮೆ. ಎರಡೂ ಬದಿ ಬಿಳಿ ನೊರೆ, ನಡುವೆ ಶಾಂತವಾಗಿ ಕಾಣುವ ನೀರು. ಸೆಳೆತ ಕೆಲವೊಮ್ಮೆ ಸೆಕೆಂಡಿಗೆ 2 ಮೀಟರ್ ದಾಟುತ್ತದೆ. ಊರ ಕೆರೆಯಲ್ಲಿ ಕಲಿತ ಈಜಿರಲಿ, ಒಲಿಂಪಿಕ್ ಈಜುಗಾರರಿಗೂ ಅದರೆದುರು ಈಜುವುದು ಕಷ್ಟ.

‘ಸಮುದ್ರ ಕೆಳಗೆಳೆಯುತ್ತದೆ’ ಎನ್ನುವುದೂ ಸರಿಯಲ್ಲ. ಅದು ಎಳೆಯುವುದು ಆಳಕ್ಕಲ್ಲ, ದೂರಕ್ಕೆ. ಗಾಬರಿಯಿಂದ ನೇರ ದಡದತ್ತ ಈಜಿ ಸುಸ್ತಾಗಿಯೇ ಹೆಚ್ಚಿನವರು ಮುಳುಗುವುದು. ಸಿಲುಕಿದರೆ ಮೊದಲು ತೇಲಿ, ಕೈ ಎತ್ತಿ ಕೂಗಿ. ಶಕ್ತಿಯಿದ್ದರೆ ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ, ಸೆಳೆತ ತಪ್ಪಿದ ಮೇಲೆ ದಡದತ್ತ ತಿರುಗಿ.

ದಡದಲ್ಲಿರುವ ಅಪ್ಪ, ಮಾವ ಹಿಂದೆಯೇ ಹಾರಬಾರದು. ಒಬ್ಬರ ಜೊತೆ ಇಬ್ಬರು ಹೋಗುವುದು ಹೀಗೆಯೇ. ಲೈಫ್‌ಗಾರ್ಡ್‌ನ್ನು ಕರೆಯಿರಿ. ಮುಚ್ಚಳ ಬಿಗಿದ ಖಾಲಿ ನೀರಿನ ಕ್ಯಾನ್ ಎಸೆದರೂ ಹಿಡಿದು ತೇಲಬಹುದು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ರೂಮ್ ಅಗ್ಗ, ಕಡಲು ಮಾತ್ರ ಒರಟು. ಆಗ ದಡದಲ್ಲೇ ಕೂತು ನೋಡಿ. ಉಳಿದ ತಿಂಗಳಲ್ಲೂ ಕೆಂಪು ಬಾವುಟವಿದ್ದರೆ ನೀರಿಗಿಳಿಯಬೇಡಿ. ಕೆಂಪು-ಹಳದಿ ಬಾವುಟಗಳ ನಡುವೆ ಲೈಫ್‌ಗಾರ್ಡ್ ಕಣ್ಣಿರುತ್ತದೆ.